ಸೀನುವ ಸೊಸೆ, ಹೊಟ್ಟಿನ ಕೋಣೆ

ಹುಣಸಗಿ ಕಡೆಯ ಒಂದು ಊರು. ಕಾಲುವೆ ಬಂದ ಮೇಲೆ ಅಲ್ಲಿ ಎಲ್ಲರ ಜೀವ ನೀರಿನ ಪಾಳಿಯ ಮೇಲೆ. ಅಯ್ಯಮ್ಮನ ಮಗ ತಿಮ್ಮಣ್ಣ ಬೆಳಗಾಗುತ್ತಲೇ ಸಲಿಕೆ ಹೆಗಲಿಗಿಟ್ಟು ಹೊಸ್ತಿಲು ದಾಟುವುದಕ್ಕೂ ಸೊಸೆ ಕರೆಮ್ಮ ಸೀನುವುದಕ್ಕೂ ಸರಿಹೋಗುತ್ತಿತ್ತು. ಒಂದಲ್ಲ, ಹತ್ತು ಸೀನು. ಅಪಶಕುನವೆಂದು ಅಯ್ಯಮ್ಮ ಮಗನನ್ನು ಒಳಗೆ ಕರೆದು, ನೀರು ಕುಡಿಸಿ ಕೂಡಿಸುವಳು. ಅವನು ಗದ್ದೆ ಮುಟ್ಟುವಷ್ಟರಲ್ಲಿ ಅರ್ಧ ಪಾಳಿ ಮುಗಿದಿರುತ್ತಿತ್ತು. ಬೈಗುಳ ಮಾತ್ರ ಸೊಸೆಗೆ.

ಕಡೆಗೆ ಅಯ್ಯಮ್ಮ ಒಂದು ಉಪಾಯ ಹೂಡಿದಳು. ಎತ್ತುಗಳಿಗೆಂದು ತೊಗರಿ ಹೊಟ್ಟು ತುಂಬಿಟ್ಟಿದ್ದ ಹಿತ್ತಲಿನ ಕೋಣೆಗೆ ಸೊಸೆಯ ಹಾಸಿಗೆ ಹಾಕಿಸಿದಳು. ಮಗ ಮನೆ ದಾಟುವ ತನಕ ಅವಳು ಹೊರಗೆ ಬರುವಂತಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮೂರು ತಿಂಗಳಲ್ಲಿ ಕರೆಮ್ಮನ ಮೂಗು ಪೂರ್ತಿ ಕಟ್ಟಿತು, ಕಣ್ಣು ಕೆಂಪಗಾದವು, ನಿದ್ದೆ ಹೋಯಿತು.

"ಈ ರೋಗ ನಮಗ್ಯಾಕ? ತವರಿಗಿ ಕಳಿಸಿಬಿಡ್ತೀನಿ, ಮತ್ತ ಕರಸಂಗಿಲ್ಲ" ಎಂದಳು ಅಯ್ಯಮ್ಮ. ತಿಮ್ಮಣ್ಣ ತಾಯಿಯ ಎದುರು ತುಟಿ ಬಿಚ್ಚುವ ಗಂಡಸಲ್ಲ.

ಕರೆಮ್ಮ ಗಂಟು ಕಟ್ಟುತ್ತಿದ್ದ ದಿನ ಆಶಾ ಕಾರ್ಯಕರ್ತೆ ರಾಬಿಯಾ ಬಂದಳು.

"ಇದು ಧೂಳಿನ ಅಲರ್ಜಿ ಇದ್ದಂಗ ಕಾಣಸ್ತದ ಅಯ್ಯಮ್ಮಕ್ಕ. ಒಬ್ಬರಿಂದ ಒಬ್ಬರಿಗಿ ಅಂಟೂದಲ್ಲ, ಶಕುನಾನೂ ಅಲ್ಲ."

"ಧೂಳಿನಾಗೇ ನಾನೂ ಬೆಳದೀನಿ. ನನಗ್ಯಾಕ ಬರಂಗಿಲ್ಲ?"

"ಎಲ್ಲಾರ ಮೈ ಒಂದೇ ತರ ಇರಂಗಿಲ್ಲಕ್ಕ. ಮೂಗಿನ ಒಳಗ ಕಾವಲು ಕಾಯೋ ಜೀವಕೋಶ ಇರ್ತಾವ. ಕೆಲವರ ಮೈ ಬರೇ ಧೂಳನ್ನೂ ವೈರಿ ಅಂತ ತಿಳೀತದ. ಆಗ ಮೂಗಿನ ಒಳಪದರ ಸುದ್ದಿ ಬಿಡ್ತದ. ಆ ಸುದ್ದಿ ಒಯ್ಯೋ ರಸಕ್ಕ ಡಾಕ್ಟ್ರು ಸೈಟೊಕೈನ್ ಅಂತಾರ. ಕಾಲುವಿಗಿ ನೀರು ಬಂತು ಅಂತ ಒಬ್ಬ ಕೂಗಿದ್ರ ಊರೆಲ್ಲ ಸಲಿಕಿ ಹಿಡ್ಕೊಂಡು ಓಡ್ತದಲ್ಲ, ಹಂಗ ಆ ಕಾವಲಿನವು ಬಂದು ಸೇರ್ತಾವ. ಕೆಲವು ಹಿಸ್ಟಮಿನ್ ಅನ್ನೋದು ಉಗುಳ್ತಾವ. ಸೀನು, ತುರಿಕಿ, ಮೂಗು ಸೋರೂದು ಅದರಿಂದನೇ. ಉಳದವು ಒಳಗ ಬಾವು ಬರಸ್ತಾವ."

"ವೈರಿ ಇಲ್ಲಂತ ಗೊತ್ತಾಗಿ ಹೊಳ್ಳಿ ಹೋಗಂಗಿಲ್ಲೇನು?"

"ಧೂಳು ನಿಂತ್ರ ಹೋಗ್ತಾವ. ದಿನಾ ಧೂಳು ಬಿದ್ರ ಸುದ್ದಿ ನಿಲ್ಲಂಗಿಲ್ಲ. ಆಮ್ಯಾಲ ಚೂರು ಧೂಳಿಗೂ ಸಿಟ್ಟಿಗೇಳ್ತಾವ. ಒಮ್ಮೆ ದವಾಖಾನಿಗಿ ತೋರಸ್ರಿ."

ಅಯ್ಯಮ್ಮ ಹಿತ್ತಲಿನ ಕಡೆ ನೋಡಿದಳು. ಮರುದಿನ ಅರೆಮನಸ್ಸಿನಿಂದಲೇ ಸೊಸೆಯನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಮೂಗು ನೋಡಿ ಕೇಳಿದರು, "ಮನ್ಯಾಗ ಧೂಳು ಭಾಳ ಅದ ಏನು? ಎಲ್ಲಿ ಮಲಗ್ತಿ?"

ಕರೆಮ್ಮ ಅತ್ತೆಯ ಮುಖ ನೋಡಿ, "ಪಡಸಾಲ್ಯಾಗ್ರಿ, ಎಲ್ಲಾರ ಕೂಡ" ಎಂದಳು.

ತನ್ನನ್ನು ತವರಿಗೆ ಅಟ್ಟಲು ಹೊರಟವಳ ಮಾನವನ್ನು ಆ ಹುಡುಗಿ ಕಾಯುತ್ತಿದ್ದಳು. ಬೆನ್ನ ಹಿಂದೆಯೇ ಚೀಟಿ ಹಿಡಿದು ನಿಂತ ಊರ ಹೆಂಗಸರು. ಅಯ್ಯಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಆದರೆ ಈ ಸುಳ್ಳನ್ನು ಹೀಗೇ ಬಿಟ್ಟರೆ ಔಷಧ ಹತ್ತುವುದಿಲ್ಲ ಎಂಬಷ್ಟು ಅವಳಿಗೂ ತಿಳಿಯಿತು.

"ಸುಳ್ಳು ಹೇಳ್ತಾಳ್ರಿ. ಹೊಟ್ಟಿನ ಕ್ವಾಣ್ಯಾಗ ಮಲಗ್ತಾಳ. ನಾನೇ ಹಾಕೀನಿ. ಮೂರು ತಿಂಗಳಾತು, ಒಂದಿನ ಒಳಗ ಹಣಿಕಿ ಹಾಕಿಲ್ರಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅಯ್ಯಮ್ಮನಿಗೆ ಹಗುರಾಗುತ್ತಿತ್ತೇನೋ. ಗುಳಿಗೆ ಮತ್ತು ಮೂಗಿನ ಸ್ಪ್ರೇ ಬರೆದುಕೊಟ್ಟು, "ಸ್ಪ್ರೇ ದಿನಾ ತಗೋಬೇಕು, ಪೂರಾ ಗುಣ ಕಾಣಾಕ ಒಂದೆರಡು ವಾರ ಬೇಕು, ನಡುವ ಬಿಡಬ್ಯಾಡ. ಧೂಳಿನ ಕೆಲಸಕ್ಕ ಮೂಗಿಗಿ ಬಟ್ಟಿ ಕಟ್ಟು. ಕಸ ಹೊಡಿಯೋ ಮೊದಲು ನೀರು ಚಿಮುಕಸ್ರಿ" ಎಂದರು.

ಮನೆಗೆ ಬಂದವಳೇ ಅಯ್ಯಮ್ಮ ಹೊಟ್ಟಿನ ಕೋಣೆ ಹೊಕ್ಕು ಸೊಸೆಯ ಕೌದಿ ಎತ್ತಿದಳು. ಕೊಡವಿದರೆ ಹೊಟ್ಟು ಉದುರಿ ಅವಳಿಗೇ ಎರಡು ಸೀನು ಬಂದವು. ಕರೆಮ್ಮ ನಗಲಿಲ್ಲ, ಅದೂ ಚುಚ್ಚಿತು.

"ತಪ್ಪಾತವ್ವ" ಎಂದಳು ಅಯ್ಯಮ್ಮ, ತಲೆ ಎತ್ತದೆ. "ಗಂಟು ಬಿಚ್ಚು. ಇದು ನಿನ್ನ ಮನಿ."

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಯಾರಾದರೂ ವಾರಗಟ್ಟಲೆ ಸೀನುತ್ತಿದ್ದರೆ, ಮೂಗು ಸೋರುತ್ತಿದ್ದರೆ ಮೂಲೆಗೆ ತಳ್ಳಬೇಡಿ, ದವಾಖಾನೆಗೆ ಕರೆದೊಯ್ಯಿರಿ. ಉಸಿರು ಕಟ್ಟಿದರೆ, ಎದೆ ಗುಯ್‌ಗುಟ್ಟಿದರೆ ಒಂದು ಗಳಿಗೆಯೂ ತಡಮಾಡಬೇಡಿ. ಅಂಥ ಹೊತ್ತು ಬರುವ ಮೊದಲೇ, ಅವರು ಮಲಗುವ ಜಾಗಕ್ಕೆ ಇವತ್ತೇ ಒಮ್ಮೆ ನೀವೇ ಹೋಗಿ ನೋಡಿ.