ಗಾಳಿಮರವಿಲ್ಲದ ಮಧ್ಯಾಹ್ನ

ತೀರಿಹೋದ ಅಪ್ಪನ ನಲವತ್ತನೆಯ ದಿನದ ಊಟಕ್ಕೆಂದು ಮನೆ ಹಿಂದಿನ ಗಾಳಿಮರವನ್ನು ಕಡಿಸಿದವಳು ನಾನು. ಬೇರೆಯವರ ತಲೆಗೆ ಕಟ್ಟುವುದಿಲ್ಲ. ಮಾರನೆಯ ದಿನದ ಚಪ್ಪರಕ್ಕೆ ಜಾಗ ಬೇಕಿತ್ತು, ಹಂಡೆಗಳಿಗೆ ಸೌದೆ ಬೇಕಿತ್ತು. ಮರ ಕಡಿಸುವ ಮೊದಲೇ, ನಸುಕಿನಲ್ಲಿ, ತಮ್ಮ ದೆರಾಮಾನ್ ಟ್ಯೂನಾ ಮೀನಿಗೆಂದು ದೋಣಿ ಬಿಟ್ಟಿದ್ದ. ತೆಂಗಿನಹಾಲಿನ ಅನ್ನಕ್ಕೆ ಆ ಮೀನಿನ ಸಾರಿಲ್ಲದಿದ್ದರೆ ಅಪ್ಪ ಬದುಕಿದ್ದಾಗಲೂ ತಟ್ಟೆ ಮುಟ್ಟುತ್ತಿರಲಿಲ್ಲ.

ಅಪ್ಪ ಮನೆಯೊಳಗೆ ಕೂತದ್ದೇ ಕಡಿಮೆ. ಬೆಳಿಗ್ಗೆ ಕಡಲು, ಮಧ್ಯಾಹ್ನ ಊರವರ ದೋಣಿ ರಿಪೇರಿ, ಸಂಜೆ ಆ ಮರದಡಿಯ ಜಗಲಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಲೆ ಹೆಣೆಯುವುದು. "ಮರ ಮನೆ ಮೇಲೆ ಬಿದ್ರೆ?" ಎಂದು ಅಮ್ಮ ವರ್ಷವರ್ಷವೂ ಗೊಣಗುತ್ತಿದ್ದಳು. "ಅದಕ್ಕಿಂತ ಮುಂಚೆ ನಾನು ಬೀಳ್ತೀನಿ, ಸುಮ್ನಿರೇ" ಎನ್ನುತ್ತಿದ್ದ. ಹಾಗೆಯೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಮುಗಿಲು ಕಪ್ಪಿಟ್ಟಿತು. ಊರವರೆಲ್ಲ ಗೌರವದಿಂದ ಪಾಕ್ ಎಂದು ಕರೆಯುವ ಪಕ್ಕದ ಮನೆಯ ಮುದುಕ ಮೀನುಗಾರ ಸೆಮಾನ್ ಅಕ್ಕಿ ಕೊಡಲು ಬಂದವನು ಆಕಾಶ ನೋಡಿದ, ನನ್ನನ್ನು ನೋಡಿದ.

"ಮರ ಎಲ್ಲೇ?"

"ಕಡಿಸ್ದೆ. ಯಾಕೆ?"

"ಅಯ್ಯೋ ನಿನ್ನ! ಕಡಲಿಂದ ಅಳಿವೆ ಬಾಯೊಳಗೆ ಬರೋಕೆ ಅದೇ ಗುರುತು ಕಣೇ! ಮಸೀದಿ ಗುಮ್ಮಟದ ಹಿಂದೆ ಆ ಮರ ನೇರ ಕಂಡ್ರೆ ದಾರಿ. ಒಂಚೂರು ಆಚೀಚೆ ಆದ್ರೂ ಮರಳುದಿಬ್ಬ. ದೋಣಿ ಮಗುಚುತ್ತೆ."

ಮನೆಯಲ್ಲಿ ಹೇಳಿದರೆ ಮೀನು ಓಡುತ್ತದೆಂದು ನಮ್ಮೂರ ಗಂಡಸರು ಕಡಲಿನ ಗುರುತುಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಅಪ್ಪನೂ ಬಿಟ್ಟಿರಲಿಲ್ಲ. ಅವನ ಮೇಲೆ ಕೆಟ್ಟ ಕೋಪ ಬಂತು. ದೆರಾಮಾನನ ಫೋನು ಒಲೆಯ ಪಕ್ಕದ ಗೂಡಿನಲ್ಲೇ ಬಿದ್ದಿತ್ತು.

"ಅಡುಗೆಮನೆ ಮೇಲಿನ ಮಾಡು ಮರದ ಬುಡಕ್ಕೆ ನೇರ ಇದೆ. ಹತ್ತು. ಏನಾದ್ರೂ ಕೆಂಪಗಿರೋದು ಎತ್ತಿ ಹಿಡಿ," ಎಂದ ಪಾಕ್ ಸೆಮಾನ್.

ತೆಂಗಿನಕಾಯಿ ಕೀಳುವ ಬಿದಿರುಗಳು ಸಿಕ್ಕವು. ಕೆಂಪು ಬಟ್ಟೆಯೇ ಸಿಗಲಿಲ್ಲ. ಆಗ ಅಮ್ಮ ಪೆಟ್ಟಿಗೆ ತೆಗೆದಳು. ಅಪ್ಪ ಕೊನೆಯ ದಿನ ಉಟ್ಟಿದ್ದ ಕೆಂಪು ಚೌಕಳಿ ಲುಂಗಿ. ಅಂದಿನಿಂದ ಒಗೆದಿರಲಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ರಾತ್ರಿ ಅದನ್ನು ಮೂಗಿಗೆ ಒತ್ತಿಕೊಂಡೇ ಮಲಗುತ್ತಿದ್ದಳು.

"ಅಮ್ಮಾ, ಮಳೆ ಬರ್ತಿದೆ..."

"ಕಣ್ಣು ಕಾಣುತ್ತೆ ನಂಗೆ. ಕಟ್ಟು!"

ಎರಡು ಬಿದಿರು ಜೋಡಿಸಿ, ತುದಿಗೆ ಲುಂಗಿ ಬಿಗಿದು ಮಾಡು ಹತ್ತಿದೆ. ಮಳೆ ಮುಖಕ್ಕೆ ಹೊಡೆಯಿತು. ಕೆಳಗಿನಿಂದ ಪಾಕ್ ಸೆಮಾನ್ "ಎಡಕ್ಕೆ! ಓಲಾಡ್ಬೇಡ್ವೇ!" ಎಂದು ಬಯ್ಯುತ್ತಲೇ ಇದ್ದ. ತೋಳು ಸೆಟೆದುಕೊಂಡಿತು. ಅಪ್ಪಾ, ಮರ ಕಡಿಸಿದ್ದು ನಾನು, ತಮ್ಮನದು ತಪ್ಪಿಲ್ಲ, ಅವನನ್ನು ಕಳಿಸು ಎಂದು ಗಟ್ಟಿಯಾಗಿಯೇ ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ನೊರೆಯ ನಡುವೆ ನಮ್ಮ ದೋಣಿಯ ಹಸಿರು ಮೂತಿ ಕಂಡಿತು, ಮುಳುಗಿತು, ಮತ್ತೆ ಕಂಡಿತು. ದೋಣಿ ಸೀದಾ ಅಳಿವೆಯೊಳಗೆ ನುಗ್ಗಿತು.

ದೆರಾಮಾನ್ ತೊಯ್ದು ತೊಪ್ಪೆಯಾಗಿ ಅಂಗಳಕ್ಕೆ ಬಂದ. "ಮೂರು ಸಲ ಹಿಂದಕ್ಕೆ ತಿರುಗಿಸ್ದೆ ಅಕ್ಕಾ. ಮರಾನೇ ಇಲ್ಲ! ಆಮೇಲೆ ಅಪ್ಪನ ಲುಂಗಿ ಕಂಡ್ತು." ಕಡಿದ ಮರದ ಬುಡ ನೋಡಿದ. ಅವನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು.

ಅಮ್ಮ ಲುಂಗಿಯನ್ನು ಬಿದಿರಿನಿಂದ ಬಿಚ್ಚಿ ಹಿಂಡಿದಳು. ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಳು.

"ಏನೂ ಇಲ್ಲ. ಬರೀ ಮಳೆ," ಎಂದಳು. ಆಮೇಲೆ ಅದರಿಂದಲೇ ಮಗನ ತಲೆ ಒರೆಸತೊಡಗಿದಳು.