ಗಟಾರದ ಮೇಲಿನ ಬಸವಣ್ಣ

ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಅನ್ನುತ್ತಾರಲ್ಲ, ದಾವಣಗೆರೆಯ ನಮ್ಮ ಓಣಿಯ ಹತ್ತಿ ವ್ಯಾಪಾರಿ ಕರಿಬಸವರಾಜ ಗಟಾರದ ಮೇಲೇ ದೇವರನ್ನು ಕೂರಿಸಿದ ಭೂಪ. ಐವತ್ತೆಂಟನೇ ಇಸವಿಯ ಮಾತು.

ಅಂಗಡಿ ಮುಂದೆ ಮಳೆನೀರಿನ ಗಟಾರವಿತ್ತು. ಗಾಡಿಯಿಂದ ಹತ್ತಿ ಅಂಡಿಗೆ, ಅದೇ ದೊಡ್ಡ ಮೂಟೆ, ಇಳಿಸಲು ಅನುಕೂಲವೆಂದು ಅದರ ಮೇಲೆ ದೊಡ್ಡ ಚಪ್ಪಡಿ ಎಳೆಸಿದ. ತೆಗೆಯಿರಿ ಎಂದು ಮುನಸಿಪಾಲ್ಟಿಯವರು ಹೇಳಿಹೋದ ವಾರದಲ್ಲೇ ಅದರ ಒಂದು ಮೂಲೆಗೆ ಅಂಗೈಯಗಲದ ಬಸವಣ್ಣನನ್ನು ಕೆತ್ತಿಸಿ ವಿಭೂತಿ ಬಳಿಸಿದ. ಇನ್ನು ಕಲ್ಲು ಎತ್ತುವ ಗಂಡಸು ಯಾರು? ಉಳಿದ ಜಾಗವೆಲ್ಲ ಅಂಡಿಗೆಗಳಿಗೇ.

ಓಣಿಯ ಜನವೂ ಕಡಿಮೆಯೇನಲ್ಲ. ಸೋಮವಾರಕ್ಕೊಮ್ಮೆ ಕಾಯಿ ಒಡೆದು, ಚಿಪ್ಪು, ಬಾಡಿದ ಹೂವು, ಬಾಳೆಸಿಪ್ಪೆಗಳನ್ನು ಭಕ್ತಿಯಿಂದ ಅದೇ ಗಟಾರಕ್ಕೆ ನೂಕಿದರು. ನಾನೂ ನೂಕಿದ್ದೇನೆ, ನಾಚಿಕೆಗೆಟ್ಟವನು.

ಗಟಾರ ಕಟ್ಟಿಕೊಂಡೀತೆಂದು ಹೆದರಿದವಳು ಓಣಿಯ ನೀಲಕ್ಕ ಒಬ್ಬಳೇ. ಹೋದ ವರ್ಷ ವಾಂತಿಭೇದಿಯಲ್ಲಿ ಮಗಳು ಸತ್ತು, ಎರಡು ವರ್ಷದ ಮೊಮ್ಮಗಳು ಇವಳ ಮಡಿಲಿಗೆ ಬಿದ್ದಿದ್ದಳು. ಹರಿಹರದ ಹೊಳೆನೀರಿನ ನಳ ನಮ್ಮ ಕಡೆಗೆ ಬಂದಿರಲಿಲ್ಲ. ಓಣಿಗೆಲ್ಲ ಇದ್ದದ್ದು ಗಟಾರದ ಪಕ್ಕದ ಒಂದೇ ಸಿಹಿನೀರ ಬಾವಿ. ಮಳೆಗಾಲ ಹತ್ತಿರವಾದಾಗ ಅವಳೇ ಹೋಗಿ ಗಟಾರದ ಹೂಳು ಬಳಿಯುವ ಮೈಲಪ್ಪನನ್ನು ಕರೆತಂದಳು. ಅವನು ಚಪ್ಪಡಿಗೆ ಹಾರೆ ಇಡುವಷ್ಟರಲ್ಲಿ ಸಾವ್ಕಾರ ಕರಿಬಸವರಾಜ ಅಂಗಡಿ ಒಳಗಿಂದ ಓಡಿಬಂದ.

"ನೀ ದೇವರನ್ನ ಮುಟ್ಟೋನೇನಲೇ? ದೂರ ಸರಿ."

ಹೂಳು ಮೊಣಕಾಲುದ್ದ ತುಂಬಿದೆ, ಮಳೆ ಬಂದರೆ ನೀರು ಬಾವಿಗೇ ನುಗ್ಗುತ್ತದೆ ಎಂದು ಮೈಲಪ್ಪ ತಿಳಿಹೇಳಿದ. ಎಲ್ಲ ಬಸವಣ್ಣ ನೋಡಿಕೊಳ್ಳುತ್ತಾನೆ ಎಂದು ಸಾವ್ಕಾರ ಒಳಗೆ ಹೋದ.

ಮೃಗಶಿರಾ ಮಳೆ ಒಂದು ಸಂಜೆ ಹೊಡೆಯಿತು. ಬಸವಣ್ಣ ತನ್ನ ಪಾಡಿಗೆ ಕೂತಿದ್ದ. ಗಟಾರ ಉಕ್ಕಿ ಬಾವಿ ಸೇರಿತು.

ಮರುದಿನ ಸೋಮವಾರ, ಪೂಜೆಗೆ ಓಣಿಯೆಲ್ಲ ನೆರೆದಿತ್ತು. ನೀಲಕ್ಕ ಬಾವಿಯಿಂದ ಒಂದು ತಂಬಿಗೆ ಕರೀ ನೀರು ತಂದು ಬಸವಣ್ಣನ ಮೇಲೆ ಅರ್ಧ ಸುರಿದಳು. ಉಳಿದದ್ದನ್ನು ಸಾವ್ಕಾರನ ಮುಂದೆ ಹಿಡಿದಳು.

"ತೀರ್ಥ ಐತ್ರಿ, ತಗೊಳ್ರಿ. ನೀವು ಕುಡಿದ್ರ ನನ್ನ ಮೊಮ್ಮಗಳಿಗೂ ಕುಡಿಸ್ತೀನಿ."

ರೂಢಿಬಲದಿಂದ ಅವನ ಬಲಗೈ ಮುಂದೆ ಬಂದಿತ್ತು. ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತಿತು. ತೀರ್ಥ ಬೇಡವೆನ್ನುವಂತಿಲ್ಲ, ಕುಡಿಯುವಂತೆಯೂ ಇಲ್ಲ. ಅಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣವನಾದದ್ದನ್ನು ನೋಡಿ ನನ್ನ ಹೊಟ್ಟೆ ತಂಪಾಯಿತು. ಕೊನೆಗೆ, ಪಕ್ಕದಲ್ಲಿ ಹಾರೆ ಇಟ್ಟುಕೊಂಡು ದೂರ ನಿಂತಿದ್ದ ಮೈಲಪ್ಪನ ಕಡೆ ತಿರುಗಿ, ಕಲ್ಲು ಎತ್ತು ಎಂದ.

ಮೈಲಪ್ಪ ಕೈಗಳನ್ನು ಹಿಂದೆ ಕಟ್ಟಿಕೊಂಡ. "ನಾ ದೇವರನ್ನ ಮುಟ್ಟಂಗಿಲ್ರಿ, ಸಾವ್ಕಾರ್ರ."

ಯಾರೂ ಮುಂದೆ ಬರಲಿಲ್ಲ. ನೀಲಕ್ಕ ತಂಬಿಗೆ ಇಳಿಸಲಿಲ್ಲ. ಸಾವ್ಕಾರ ಧೋತ್ರ ಎತ್ತಿ ಕಟ್ಟಿ, ಹಾರೆ ತಗೊಂಡು, ಗಟಾರಕ್ಕೆ ಇಳಿದ.