ಏರಿನಲ್ಲಿ ನಿಂತ ಜೇನುಗಾಡಿ

ಹೂವು ಎಲ್ಲಿ ಅರಳುತ್ತದೋ ಅಲ್ಲಿಗೆ ಜೇನುಪೆಟ್ಟಿಗೆ ಸಾಗಿಸುವುದೇ ಅಕ್ಕನ ಮನೆಯ ಕಸುಬು. ಈ ಸಲ ಹೂವು ಗುಡ್ಡದ ಮೇಲಿನ ತೋಟದಲ್ಲಿ. ಬೆಳಕು ಹರಿಯುವ ಮೊದಲೇ ಪೆಟ್ಟಿಗೆಗಳ ಬಾಯಿ ಮುಚ್ಚಿ, ಟ್ರೈಲರ್‌ಗೆ ಏರಿಸಿ, ಪಿಕಪ್ಪಿನ ಹಿಂದೆ ಕಟ್ಟಿಯಾಗಿತ್ತು. ಬಿಸಿಲೇರುವುದರೊಳಗೆ ಮೇಲೆ ತಲುಪಿ ಬಾಯಿ ತೆಗೆಯಬೇಕು. ತಡವಾದರೆ ಸೆಕೆಗೆ ಹುಳಗಳು ಒಳಗೇ ಸಾಯುತ್ತವೆ.

ಅಕ್ಕನ ತಂಗಿ ಗ್ಯಾರೇಜಿನಲ್ಲಿ ಗೇರು ಬಿಚ್ಚಿ ಜೋಡಿಸುವವಳು. ಸಹಾಯಕ್ಕೆಂದು ಬಂದವಳು ಪಿಕಪ್ಪಿನ ಹೊಸ ಟೈರು ನೋಡಿ ಹುಬ್ಬು ಗಂಟಿಕ್ಕಿದಳು.

“ಭಾವಾ, ಇಷ್ಟು ದೊಡ್ಡ ಟೈರ್ ಯಾಕೆ ಹಾಕಿಸಿದ್ರಿ?”

“ಕೆಸರಲ್ಲಿ ಹೂತ್ಕೋಬಾರ್ದು ಅಂತ. ಹೆಂಗಿದೆ ಗತ್ತು?”

“ಗತ್ತೇನೋ ಇದೆ, ಎಳೆಯೋ ಶಕ್ತಿ ಕಮ್ಮಿಯಾಯ್ತು. ಅರ್ಧ ಭಾರ ಇಳಿಸಿ.”

“ಇಂಜಿನ್ ಆನೆ ಇದ್ದಂಗಿದೆ ಕಣಮ್ಮಾ. ಸುಮ್ನೆ ಹತ್ತು!”

ಅಕ್ಕ ಇಬ್ಬರ ನಡುವೆ ಕೂತಳು. ಗಂಡನ ಹಠ ಅವಳಿಗೇನು ಹೊಸದೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಆ ಮಹಾಶಯ.

ಅರ್ಧ ಏರಿಗೆ ಬರುವಷ್ಟರಲ್ಲಿ ಇಂಜಿನ್ ಏದುಸಿರು ಬಿಡತೊಡಗಿತು. ಮೊದಲನೇ ಗೇರಿಗೆ ಇಳಿಸಿದ್ದೂ ಆಯಿತು. ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತಿರುವಿನಲ್ಲಿ ಗಾಡಿ ಗಕ್ಕನೆ ನಿಂತು, ಇಂಜಿನ್ ಆಫ್ ಆಗಿ, ಮೆಲ್ಲಗೆ ಹಿಂದಕ್ಕೆ ಜಾರಿತು. ಹಿಂದೆ ಕಂದಕ.

“ಬ್ರೇಕು! ಬ್ರೇಕ್ ಹಿಡೀರಿ!” ಅಕ್ಕ ಕಿರುಚಿದಳು.

“ಹಿಡ್ದಿದ್ದೀನಿ ಕಣೇ, ಇಂಜಿನ್ ಆಫಾಗಿ ಪೆಡಲ್ ಕಲ್ಲಾಗಿದೆ!”

ಎರಡೂ ಕಾಲಲ್ಲಿ ತುಳಿದು ಹ್ಯಾಂಡ್‌ಬ್ರೇಕ್ ಎಳೆದ. ಟ್ರೈಲರ್ ಓರೆಯಾಗಿ ನಿಂತಿತು. ತಂಗಿ ಇಳಿದು ಚಕ್ರಗಳ ಹಿಂದೆ ಕಲ್ಲು ಕೊಡುವವರೆಗೂ ಅಕ್ಕನ ಜೀವ ಬಾಯಿಗೆ ಬಂದಿತ್ತು.

ಬಿಸಿಲು ಬಿತ್ತು. ಪೆಟ್ಟಿಗೆಗಳ ಒಳಗಿನ ಗುಂಯ್‌ಗುಟ್ಟುವ ಸದ್ದು ಜೋರಾಯಿತು. ಸೆಕೆ ತಡೆಯದೆ ಹುಳಗಳು ರೆಕ್ಕೆ ಬೀಸುತ್ತಿವೆ ಎಂದು ಅಕ್ಕನಿಗೆ ಗೊತ್ತಾಯಿತು.

“ಏನಾದ್ರೂ ಮಾಡೇ ತಂಗೀ!”

“ಅರ್ಧದಷ್ಟು ಪೆಟ್ಟಿಗೆ ನೆರಳಿಗೆ ಇಳಿಸೋಣ. ಕ್ಲಚ್ ಆರಲಿ. ಎರಡು ಸಲ ಹತ್ತೋಣ.”

ಮೂವರೂ ಹೊತ್ತರು. ಭಾವನ ದನಿ ಈಗ ಇಳಿದಿತ್ತು. “ಇಷ್ಟು ದೊಡ್ಡ ಇಂಜಿನ್ನು, ಯಾಕೆ ಎಳೀಲಿಲ್ಲ?”

“ಇಂಜಿನ್ ಒಂದೇ ಅಲ್ಲ ಭಾವಾ, ಆಕ್ಸಲ್ ಗೇರ್ ಅನುಪಾತಾನೂ ನೋಡ್ಬೇಕು. ಚಕ್ರ ಒಂದು ಸುತ್ತು ಬರೋಕೆ ಇಂಜಿನ್ ಕಡೆಯಿಂದ ಬರೋ ರಾಡು ಎಷ್ಟು ಸುತ್ತು ಸುತ್ತುತ್ತೆ ಅನ್ನೋ ಲೆಕ್ಕ ಅದು. ನಿಮ್ಮದು ಮೂರೂವರೆ. ಖಾಲಿ ಓಡೋಕೆ, ಮೈಲೇಜಿಗೆ ಚೆನ್ನ. ಭಾರ ಎಳೆದು ಏರು ಹತ್ತೋಕೆ ನಾಲ್ಕು ದಾಟಿದ್ರೆ ಒಳ್ಳೇದು. ಗೇರ್ ಸೈಕಲ್ ತುಳಿದಿದ್ದೀರಲ್ಲ? ಏರಲ್ಲಿ ಹಗುರದ ಗೇರಿಗೆ ಹಾಕಿ, ಜಾಸ್ತಿ ಸಲ ತುಳೀತೀರಿ. ಹಂಗೇ ಇದು. ಟೈರ್ ದೊಡ್ಡದಾದ್ರೆ ಅನುಪಾತ ಇನ್ನೂ ಇಳಿದ ಹಾಗೆ.”

“ಹಂಗಾದ್ರೆ ಗೇರ್ ಬದಲಿಸಿ ಎಷ್ಟು ಬೇಕಾದ್ರೂ ಎಳೀಬೋದಾ?”

“ಅಯ್ಯೋ ಇಲ್ಲಪ್ಪ! ಗೇರ್ ಬದಲಿಸಿದ್ರೆ ಬ್ರೇಕಿಗೆ ಶಕ್ತಿ ಬರಲ್ಲ. ಕಂಪನಿ ಹೇಳಿದ ಭಾರ ಮೀರಲೇಬಾರ್ದು.”

ಎರಡನೇ ಸಲ ಮೇಲೆ ತಲುಪಿದಾಗ ಬಿಸಿಲು ಸುಡುತ್ತಿತ್ತು. ಮೊದಲ ಸಲ ಒಯ್ದ ಪೆಟ್ಟಿಗೆಗಳ ಬಾಯಿ ಆಗಲೇ ತೆಗೆದಾಗಿತ್ತು; ಉಳಿದವುಗಳದ್ದನ್ನೂ ಒಂದೊಂದಾಗಿ ತೆಗೆದರು. ಹುಳಗಳು ಭರ್ರೆಂದು ಹೊರಬಿದ್ದವು. ಮೂಲೆಯ ಪೆಟ್ಟಿಗೆಯಿಂದ ಒಂದೂ ಬರಲಿಲ್ಲ. ಗಂಡ ಅದಕ್ಕೆ ಕಿವಿಯಿಟ್ಟ. ಮುಚ್ಚಳ ತೆಗೆದ. ತಳದ ತುಂಬ ಸತ್ತ ಹುಳಗಳು.

“ನಾನೇ ಕೊಂದೆ ಕಣೇ,” ಎಂದು ಅಲ್ಲೇ ಕುಸಿದು ಕೂತ. ಅಕ್ಕನಿಗೆ ಬಯ್ಯಬೇಕೆನಿಸಿತ್ತು, ಆದರೆ ಅಳು ಬಂತು. ಅವನ ಹೆಗಲ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಿಗೆ ಅವನೇ ಎದ್ದು ನಾದಿನಿಯ ಹತ್ತಿರ ಹೋದ. “ನಾಳೆ ಗಾಡಿ ನಿನ್ನ ಗ್ಯಾರೇಜಿಗೆ ತರ್ತೀನಿ ತಾಯಿ. ಹಳೇ ಟೈರ್ ಹಾಕು. ಗೇರ್ ಬದಲಿಸಬೇಕಾ ನೋಡು. ನೀನು ಸೈ ಅನ್ನೋ ತನಕ ಟ್ರೈಲರ್ ಕಟ್ಟಲ್ಲ.”

ಪಿಕಪ್ ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯ ಆಕ್ಸಲ್ ಅನುಪಾತ ಎಷ್ಟು? ಗೊತ್ತಿಲ್ಲದಿದ್ದರೆ ಡ್ರೈವರ್ ಬಾಗಿಲ ಚೌಕಟ್ಟಿಗೆ ಕಂಪನಿ ಅಂಟಿಸಿದ ಪಟ್ಟಿ ನೋಡಿ, ಇಲ್ಲವೇ ಮೆಕ್ಯಾನಿಕ್‌ರನ್ನು ಕೇಳಿ. ಟೈರು ಬದಲಿಸುವ ಮುನ್ನ ಕೇಳಿ, ಟ್ರೈಲರ್ ಕಟ್ಟುವ ಮುನ್ನ ಕೇಳಿ. ಅಂದು ಆ ಗಾಡಿಯಲ್ಲಿ ಕೂತಿದ್ದವರು ಮೂವರು, ಹಿಂದೆ ಇದ್ದದ್ದು ಕಂದಕ. ಹೋದದ್ದು ಒಂದು ಪೆಟ್ಟಿಗೆ ಜೇನುಹುಳ ಮಾತ್ರ. ಎಲ್ಲರಿಗೂ ಅಷ್ಟಕ್ಕೇ ಮುಗಿಯುವುದಿಲ್ಲ.